ವೈನಿಯ ಮನೆವಾರ್ತೆ

ವೈನಿಯ ಬಲಗೈ ತೋರುಬೆರಳಿನ ಬದಿಯಲ್ಲಿ ಒಂದು ಸಣ್ಣ ಕಾಲುವೆಯಂಥ ಗೆರೆ ಇತ್ತು. ಅದು ಗಾಯದ ಗುರುತಲ್ಲ. ಮದುವೆಯಾಗಿ ವಡಗಾವಿಯ ನೇಕಾರರ ಮನೆಗೆ ಬಂದ ಮೇಲೆ ಮಗ್ಗದ ಲಾಳಿಗೆ ನೂಲಿನ ಕಂಡಿಕೆ ಸುತ್ತುತ್ತ ಕಳೆದ ವರ್ಷಗಳಲ್ಲಿ ನೂಲು ಹಾಯ್ದು ಹಾಯ್ದು ಬಿದ್ದ ಗೆರೆ. ಅಲ್ಲಿ ಚರ್ಮ ಬಿಳಿಚಿಕೊಂಡು ಗಟ್ಟಿಯಾಗಿತ್ತು. ಆ ಬೆರಳಿನ ತುದಿಯಿಂದ ಕೀಲಿ ಒತ್ತದೆ ಬದಿಯಿಂದ ಒತ್ತುತ್ತಿದ್ದರು. ಹೀಗಾಗಿ ಟೈಪು ಮಾಡುವಾಗ ಅವರ ಕೈ ರೊಟ್ಟಿ ತಟ್ಟುವ ಕೈಯಂತೆ ಓರೆಯಾಗಿ ಕಾಣುತ್ತಿತ್ತು. ಅಷ್ಟು ವೇಗ ಮಾತ್ರ ನಮ್ಮ ಆಫೀಸಿನಲ್ಲಿ ಬೇರೆ ಯಾರಿಗೂ ಇರಲಿಲ್ಲ.

ನಾನು ಆಗ ಬೆಳಗಾವಿಯ ಒಂದು ಕನ್ನಡ ದಿನಪತ್ರಿಕೆಯ ಸುದ್ದಿಮೇಜಿನಲ್ಲಿದ್ದೆ. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿರಬೇಕು. ತಾಲೂಕುಗಳ ವರದಿ ಫ್ಯಾಕ್ಸಿನಲ್ಲಿ, ಇಲ್ಲವೇ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟ ಲಕೋಟೆಯಲ್ಲಿ ಬರುತ್ತಿತ್ತು. ಅದನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ಅವರದು. ಅಣ್ಣನ ಹೆಂಡತಿಯನ್ನು ನಮ್ಮ ಕಡೆ ಕರೆಯುವಂತೆ ಎಲ್ಲರೂ ಅವರನ್ನು ವೈನಿ ಎನ್ನುತ್ತಿದ್ದರು. ವಯಸ್ಸಿನಲ್ಲಿ ಅವರಿಗಿಂತ ಹಿರಿಯರಾದ ಮುಖ್ಯ ಉಪಸಂಪಾದಕರಿಗೂ ಅವರು ವೈನಿಯೇ.

ತವರು ಖಾನಾಪುರ. ಮನೆಮಾತು ಮರಾಠಿ, ಹತ್ತನೆಯ ತರಗತಿಯವರೆಗೆ ಓದಿದ್ದೂ ಮರಾಠಿಯಲ್ಲೇ. ಆಡುವ ಕನ್ನಡ ಅತ್ತೆಮನೆಯಲ್ಲಿ ಬಂತು. ಟೈಪಿಂಗ್ ಕ್ಲಾಸಿನಲ್ಲಿ ಅಕ್ಷರ ಬಂದವು. ಬರೆಯುವ ಕನ್ನಡ ಬಂದದ್ದು ಮಾತ್ರ ನಮ್ಮ ವರದಿಗಳಿಂದ. ಅಪಘಾತ, ಸಭೆ, ಕುಡಿಯುವ ನೀರಿನ ತೊಂದರೆ, ನಿಧನ, ಮನವಿ ಸಲ್ಲಿಕೆ: ದಿನವೂ ಇವನ್ನೇ ಟೈಪು ಮಾಡಿ ಮಾಡಿ ಆ ಕನ್ನಡವೊಂದೇ ಅವರ ಕೈಗೆ ಕೂತಿತ್ತು. ಕಾಗದ ಬರೆಯುವ ಕನ್ನಡ, ಕಥೆಯ ಕನ್ನಡ ಅವರಿಗೆ ತಿಳಿಯದು.

ಗಂಡನ ಕೈಮಗ್ಗ ನಿಂತುಹೋಗಿತ್ತು. ಆತ ಕೆಲಸ ಹುಡುಕಿಕೊಂಡು ತಾಯಿಯೊಂದಿಗೆ ಗಡಿಯಾಚೆಯ ಇಚಲಕರಂಜಿಯ ಪವರ್‌ಲೂಮಿಗೆ ಹೋದ. ಹೋಗುವಾಗ ಎರಡನೆಯ ತರಗತಿ ಮುಗಿಸಿದ್ದ ಮಗಳನ್ನೂ ಕರೆದೊಯ್ದ. ಅಲ್ಲಿ ಮನೆ ಹಿಡಿದು ವೈನಿಯನ್ನು ಕರೆಸಿಕೊಳ್ಳುವುದಾಗಿ ಮಾತಾಗಿತ್ತು. ಆತ ಕರೆಸಲಿಲ್ಲ. ವೈನಿ ಎರಡು ಸಲ ತಾವಾಗಿಯೇ ಹೋದರು. ಎರಡನೆಯ ಸಲ ಅತ್ತೆ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿ ಕಳಿಸಿದಳು. ಮಗಳಿಗೆಂದು ಬೇರೆಯವರ ಕೈಲಿ ಬರೆಸಿದ ಕಾಗದಗಳು ಮಗಳ ಕೈ ಮುಟ್ಟುತ್ತಿರಲಿಲ್ಲ. ಆ ಮನೆಯ ಪಕ್ಕದಲ್ಲಿ ಟೆಲಿಫೋನ್ ಬೂತ್ ಇಟ್ಟಿದ್ದ ಹೆಂಗಸೊಬ್ಬಳು ಮಾತ್ರ ಆಗಾಗ ಹುಡುಗಿಯನ್ನು ಕರೆದು ವೈನಿಯೊಂದಿಗೆ ಫೋನಿನಲ್ಲಿ ಮಾತಾಡಿಸುತ್ತಿದ್ದಳು. ಹುಡುಗಿ ಸಿಗದ ದಿನ ತಾನೇ ಅವಳ ಸುದ್ದಿ ಹೇಳುತ್ತಿದ್ದಳು.

ಕೆಲವು ವರ್ಷಗಳ ಮೇಲೆ ಕನ್ನಡದಲ್ಲಿ ಬ್ಲಾಗ್ ಬರೆಯುವವರ ಸುದ್ದಿ ನಮ್ಮ ಆಫೀಸಿಗೂ ಬಂತು. ಕ್ರೀಡಾ ಪುಟದ ಸಹೋದ್ಯೋಗಿಯೊಬ್ಬ ತನ್ನದೊಂದು ಮಾಡಿಕೊಂಡು ಎಲ್ಲರಿಗೂ ತೋರಿಸುತ್ತಿದ್ದ. ವೈನಿ ಅವನನ್ನು ಕೇಳಿದ್ದು ಒಂದೇ ಪ್ರಶ್ನೆ.

"ಇದನ್ನ ಯಾರರ ಹರದ ಹಾಕಾಕ ಬರತೈತೇನ್ರಿ?"

"ನಿಮ್ಮ ಪಾಸ್‌ವರ್ಡ್ ಗೊತ್ತಿಲ್ದ ಯಾರ ಕೈಲೂ ಆಗೂದಿಲ್ಲ ವೈನಿ."

"ಇಚಲಕರಂಜ್ಯಾಗ ಕಾಣತೈತಿ?"

"ಅಮೆರಿಕಾದಾಗೂ ಕಾಣತೈತಿ."

"ಅಮೆರಿಕಾ ಬ್ಯಾಡ್ರಿ, ಇಚಲಕರಂಜಿ ಸಾಕು."

ಮಧ್ಯಾಹ್ನ ಮೂರರ ಸುಮಾರಿಗೆ, ತಾಲೂಕಿನ ವರದಿಗಳು ಬರುವ ಮೊದಲು, ಆಫೀಸು ಖಾಲಿ ಇರುತ್ತಿತ್ತು. ಆ ಹೊತ್ತಿನಲ್ಲಿ ಅವರು ಬ್ಲಾಗ್ ಬರೆಯತೊಡಗಿದರು. ಅದಕ್ಕೆ 'ಮನೆವಾರ್ತೆ' ಎಂದು ಹೆಸರಿಟ್ಟರು. ಉದ್ದೇಶ ಒಂದೇ: ಮಗಳು ದೊಡ್ಡವಳಾಗಿ ಕಂಪ್ಯೂಟರಿನ ಮುಂದೆ ಕುಳಿತ ದಿನ, ತನ್ನ ತಾಯಿ ತನ್ನನ್ನು ಬಿಟ್ಟಿರಲಿಲ್ಲ ಎಂಬುದನ್ನು ಓದಿ ತಿಳಿಯಬೇಕು. ಮೊದಲ ಬರಹವನ್ನು ನನಗೆ ತೋರಿಸಿದರು. ಅದು ಹೀಗಿತ್ತು:

"ಬೆಳಗಾವಿ, ಮಂಗಳವಾರ: ಇಚಲಕರಂಜಿಯಲ್ಲಿ ವಾಸವಾಗಿರುವ ಬಾಲಕಿಯೊಬ್ಬಳ ಇನ್ನೊಂದು ಹಾಲುಹಲ್ಲು ಬಿದ್ದಿರುವುದಾಗಿ ಬಲ್ಲ ಮೂಲಗಳು ತಿಳಿಸಿವೆ. ಹೊಸ ಹಲ್ಲು ಬಂದಿರುವ ಬಗ್ಗೆ ಖಚಿತ ಮಾಹಿತಿ ಲಭ್ಯವಾಗಿಲ್ಲ. ಈ ಕುರಿತು ತಾಯಿಯು ಸಂತಸ ವ್ಯಕ್ತಪಡಿಸಿದ್ದಾರೆ."

ಬಲ್ಲ ಮೂಲ ಎಂದರೆ ಬೂತಿನ ಹೆಂಗಸು. ನನಗೆ ನಗು ಬಂತು, ಆದರೆ ನಗಲಿಲ್ಲ.

"ಇದ್ಯಾಕ ವೈನಿ ಹಿಂಗ ಬರದೀರಿ? ಮಗಳಿಗೆ ಹಿಂಗ ಬರೀತಾರೇನು?"

"ಮತ್ತ ಹೆಂಗ ಬರೀತಾರ್ರಿ?"

"ಹೆಂಗದಿ, ಉಂಡಿಯೇನು, ನಿನ್ನ ನೆನಪು ಬರತೈತಿ, ಅಂತ."

"ಹಂಗ ಬರದ್ರ ನೀವ ಕೆಂಪ ಪೆನ್ನಿಲೆ ಹೊಡದ ಹಾಕ್ತೀರಿ," ಎಂದರು. ಮುಖದಲ್ಲಿ ನಗುವಿರಲಿಲ್ಲ. ಅವರ ಹಾಸ್ಯ ಹಾಗೆಯೇ ಇರುತ್ತಿತ್ತು.

ಮಗಳಿಗೆ ಓದಲು ಬರುತ್ತದೆಯೇ ಎಂದು ನಾನು ಕೇಳಿದ್ದುಂಟು. ಅವರಿಗೆ ಆ ಬಗ್ಗೆ ಅನುಮಾನವಿರಲಿಲ್ಲ. "ಯಾಕ ಬರೂದಿಲ್ರಿ? ವಡಗಾವಿ ಕನ್ನಡ ಸಾಲ್ಯಾಗ ಎರಡನೇತ್ತ ಮುಗಿಸ್ಯಾಳ. ಸಿಟಿ ಬಸ್ಸಿನ್ಯಾಗ ಕುಂತ್ರ ಎಲ್ಲಾ ಅಂಗಡಿ ಬೋರ್ಡ ಓದೂ ಹುಡುಗಿ. ನಂಗ ಬಾಯಿ ತಗಿಯಾಕ ಸುದ್ದ ಬಿಡತಿರಲಿಲ್ಲ. ಒಮ್ಮಿ ಕಲತ ಅಕ್ಷರ ಎಲ್ಲಿ ಹೋಗತಾವ?"

ಗಂಡ ಅಲ್ಲೇ ಇನ್ನೊಂದು ಮದುವೆಯಾದ ಸುದ್ದಿಯನ್ನೂ ಬೂತಿನ ಹೆಂಗಸೇ ಹೇಳಿದಳು. ವೈನಿ ಮರುದಿನ ಆಫೀಸಿಗೆ ಬಂದರು. ಬೈಲಹೊಂಗಲದ ಒಂದು ರಸ್ತೆ ತಡೆಯ ವರದಿಯನ್ನು ಒಂದೂ ತಪ್ಪಿಲ್ಲದೆ ಟೈಪು ಮಾಡಿದರು. ಬ್ಲಾಗ್ ಮಾತ್ರ ನಿಂತಿತು. ದಸರೆಗೆ ನಿಂತದ್ದು ಹೋಳಿಯವರೆಗೂ ಹಾಗೇ ಇತ್ತು. ಆಮೇಲೆ ಒಂದು ಮಧ್ಯಾಹ್ನ ಮತ್ತೆ ಬಂತು: "ಬೆಳಗಾವಿ, ಬುಧವಾರ: ನಗರದಲ್ಲಿ ನಿನ್ನೆ ಸಂಜೆ ಆಲಿಕಲ್ಲು ಮಳೆಯಾಗಿದೆ. ಅಂಗಳದಲ್ಲಿ ಒಣಹಾಕಿದ್ದ ಹಪ್ಪಳಗಳು ಹಾಳಾಗಿವೆ. ಪರಿಹಾರಕ್ಕೆ ಯಾರೂ ಒತ್ತಾಯಿಸಿಲ್ಲ."

ನಡುವೆ ಏನಾಯಿತು, ಏಕೆ ಬರೆಯಲಿಲ್ಲ ಎಂಬ ಒಂದು ಸಾಲೂ ಅದರಲ್ಲಿರಲಿಲ್ಲ. ಬಹಳ ದಿನ ಬಿಟ್ಟು ಬರೆಯುವವರು ಮೊದಲು ಕ್ಷಮೆ ಕೇಳುವುದು ರೂಢಿ ಎಂದೆ.

"ಪೇಪರಿಗೂ ಸೂಟಿ ಇರತೈತಲ್ರಿ. ಮರುದಿನ ಬಂದ ಪೇಪರ ಯಾಕ ಬರಲಿಲ್ಲಂತ ಹೇಳತೈತೇನು?"

"ಹರಿದ ನೂಲಿಗೆ ಗಂಟು ಹಾಕಿ ನೇಯ್ಗಿ ಮುಂದುವರಿಸಿದಂಗ, ಹೌದಲ್ಲ?" ಎಂದೆ. ಅಂದದ್ದು ನನಗೇ ಚೆನ್ನಾಗಿ ಕೇಳಿಸಿತ್ತು.

"ಅದೆಲ್ಲ ನೀವು ಬರಿಯೋರು ಹೇಳೂದ್ರಿ. ನೂಲ ಹರದ್ರ ಮಾಲಕ ಬೈತಾನ, ಅಷ್ಟ."

ಎರಡನೆಯ ಬಿಡುವು ಇನ್ನೂ ದೊಡ್ಡದು. ಖಾನಾಪುರದಲ್ಲಿ ತಂದೆಗೆ ಪಾರ್ಶ್ವವಾಯು ಬಡಿಯಿತು. ಅಣ್ಣಂದಿರಿಬ್ಬರೂ ಬೇರೆಯಾಗಿದ್ದರು. ವೈನಿ ಕೆಲಸ ಬಿಟ್ಟು ಹೋದರು. ಖಾನಾಪುರದಲ್ಲಿ ಆಗ ಬಸ್ ನಿಲ್ದಾಣದ ಬಳಿ ಕಂಪ್ಯೂಟರ್ ಕಲಿಸುವ ಅಂಗಡಿಯೊಂದಿತ್ತು. ಮಳೆಗಾಲದಲ್ಲಿ ಕರೆಂಟು ಹೋದರೆ ಅದೂ ಇಲ್ಲ. ಎರಡು ಮಳೆಗಾಲ ಕಳೆದವು. ನಾನು ಮಧ್ಯೆ ಮಧ್ಯೆ 'ಮನೆವಾರ್ತೆ' ತೆರೆದು ನೋಡುತ್ತಿದ್ದೆ. ಅದೇ ಹಳೆಯ ಪುಟ ಇರುತ್ತಿತ್ತು. ಕೆಳಗೆ ಯಾರೋ ಅಪರಿಚಿತ ಓದುಗರು, "ಈ ಸುದ್ದಿ ಯಾವ ಪತ್ರಿಕೆಯಲ್ಲಿ ಪ್ರಕಟವಾಗಿದೆ?" ಎಂದು ಕೇಳಿದ್ದರು. ಅಷ್ಟು ವರ್ಷಗಳಲ್ಲಿ ಆ ಬ್ಲಾಗಿಗೆ ಬಂದ ಪ್ರತಿಕ್ರಿಯೆ ಅದೊಂದೇ.

ಆಮೇಲೆ ಒಂದು ದಿನ ಹೊಸ ಬರಹ ಕಂಡಿತು. "ಖಾನಾಪುರ: ಇಲ್ಲಿನ ಹಿರಿಯ ಕೃಷಿಕರೊಬ್ಬರು ಅಲ್ಪಕಾಲದ ಅಸೌಖ್ಯದಿಂದ ನಿಧನರಾದರು. ಅವರಿಗೆ ಇಬ್ಬರು ಪುತ್ರರು, ಓರ್ವ ಪುತ್ರಿ ಹಾಗೂ ಮೊಮ್ಮಕ್ಕಳು ಇದ್ದಾರೆ. ಇಚಲಕರಂಜಿಯಲ್ಲಿರುವ ಮೊಮ್ಮಗಳನ್ನು ಕಾಣುವ ಇಚ್ಛೆಯನ್ನು ಮೃತರು ವ್ಯಕ್ತಪಡಿಸಿದ್ದರು. ಅದು ಈಡೇರಿರಲಿಲ್ಲ." ಎರಡು ಮಳೆಗಾಲ ಹಾಸಿಗೆ ಹಿಡಿದವರಿಗೆ 'ಅಲ್ಪಕಾಲದ ಅಸೌಖ್ಯ' ಎಂದು ಬರೆದಿದ್ದರು. ನಿಧನ ವಾರ್ತೆಗಳಲ್ಲಿ ನಾವು ಯಾವಾಗಲೂ ಹಾಗೆಯೇ ಹಾಕುತ್ತಿದ್ದೆವು.

ಬೆಳಗಾವಿಗೆ ಮರಳಿದ ಮೇಲೆ ನಮ್ಮಲ್ಲಿ ಅವರ ಜಾಗ ಉಳಿದಿರಲಿಲ್ಲ. ವರದಿಗಾರರೇ ಟೈಪು ಮಾಡಿ ಕಳಿಸುವ ಕಾಲ ಬಂದಿತ್ತು. ಖಾಸಬಾಗದಲ್ಲಿ ಲಗ್ನಪತ್ರಿಕೆ ಮಾಡುವ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿ, ಹತ್ತಿರವೇ ಒಂದು ಖೋಲಿ ಹಿಡಿದರು. ನನ್ನ ಮನೆ ಹಿಂದವಾಡಿ, ಹೋಗಿಬರುವಾಗ ಮಾತಾಡಿಸುತ್ತಿದ್ದೆ. ಆ ಅಂಗಡಿಯ ಮಾಲೀಕರು ಒಳ್ಳೆಯವರು. ಕೆಲಸ ಮುಗಿದ ಮೇಲೆ ಕಂಪ್ಯೂಟರ್ ಬಳಸಲು ಬಿಡುತ್ತಿದ್ದರು.

ಅದೇ ಹೊತ್ತಿಗೆ ಇಚಲಕರಂಜಿಯಲ್ಲಿ ಮಗಳ ಶಾಲೆಯ ಎದುರು ಸೈಬರ್ ಕೆಫೆ ಶುರುವಾಯಿತು. ವೈನಿ ಫೋನಿನಲ್ಲಿ ಬ್ಲಾಗಿನ ವಿಳಾಸವನ್ನು ಒಂದೊಂದೇ ಇಂಗ್ಲಿಷ್ ಅಕ್ಷರ ಹೇಳಿ ಬರೆಸಿದರು. ಹುಡುಗಿ ಮರುದಿನವೇ ಹೋಗಿ ನೋಡಿದಳು. ಕಂಡದ್ದು ಸಾಲು ಸಾಲು ಖಾಲಿ ಚೌಕಗಳು. ಆ ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರವಿರಲಿಲ್ಲ. ವೈನಿ ನನ್ನ ಬಳಿ ಬಂದರು.

"ಮಶೀನಿಂದ ತಪ್ಪ ಐತ್ರಿ. ಏನರ ಮಾಡ್ರಿ."

ನಾನು ಪರಿಚಯದ ಎಂಜಿನಿಯರನಿಂದ ಕನ್ನಡ ಅಕ್ಷರಗಳಿರುವ ಸಿ.ಡಿ. ಮಾಡಿಸಿದೆ. ವೈನಿ ಅದನ್ನು ಹಳೆಯ ಲಗ್ನಪತ್ರಿಕೆಗಳ ನಡುವೆ ಇಟ್ಟು, ದಾರ ಸುತ್ತಿ, ಇಚಲಕರಂಜಿ ಬಸ್ಸಿನ ಕಂಡಕ್ಟರಿಗೆ ಕೊಟ್ಟರು. ಬೂತಿನ ಹೆಂಗಸು ನಿಲ್ದಾಣಕ್ಕೆ ಹೋಗಿ ಇಸಿದುಕೊಂಡಳು. ಕೆಫೆಯವನು ಹಾಕಿಕೊಡುತ್ತೇನೆ ಎಂದವನು ಬಹಳ ದಿನ ಮುಂದೆ ತಳ್ಳಿದ. ವೈನಿಗೆ ಮಾತ್ರ ಆ ದಿನಗಳಲ್ಲಿ ಎಂದೂ ಇಲ್ಲದ ಹುರುಪು. ಬಿಟ್ಟುಹೋದ ತಿಂಗಳುಗಳ ಸುದ್ದಿಯನ್ನೆಲ್ಲ ನೆನಪಿಸಿಕೊಂಡು ಬರೆದರು. ನಾನು ನೋಡಿದಂತೆ ಅವರು ಅತಿ ಹೆಚ್ಚು ಬರೆದದ್ದು ಆಗಲೇ.

ಕೊನೆಗೆ ಕೆಫೆಯಿಂದಲೇ ಕರೆ ಬಂದಾಗ ನಾನು ಆ ಅಂಗಡಿಯಲ್ಲೇ ಇದ್ದೆ. ತಂಗಿಯ ಮಗನ ಲಗ್ನಪತ್ರಿಕೆಯ ಕರಡು ನೋಡುತ್ತಿದ್ದೆ. ಆಚೆ ಕೆಫೆಯ ಪಕ್ಕದಲ್ಲೇ ಮಗ್ಗಗಳ ಸದ್ದು ಇದ್ದುದರಿಂದ ಹುಡುಗಿ ಕೂಗಿ ಮಾತಾಡುತ್ತಿದ್ದಳು. ವೈನಿ ರಿಸೀವರನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದಿದ್ದರು. ಎರಡೂ ಕಡೆಯ ಮಾತು ನನಗೆ ಕೇಳುತ್ತಿತ್ತು.

"ಬಂತೇನವ್ವ?"

"ಬಂತು. ಚೌಕ ಎಲ್ಲಾ ಹೋದವು. ಈಗ ಗುಂಡಗುಂಡ ಬಂದಾವ."

"ಅವ ಅಕ್ಷರಾ. ಓದು."



"ಅವ್ವಾ, ಇದು ಕಾನಡಿ ಅಲ್ಲ? ನಂಗೆಲ್ಲಿ ಬರತೈತಿ?"

"ಬರತಿತ್ತಲ್ಲ. ಬಸ್ಸಿನ್ಯಾಗ ಎಲ್ಲಾ ಬೋರ್ಡ ಓದತಿದ್ದಿ."

"ಆವಾಗ ಸಣ್ಣಾಕಿ ಇದ್ನಿ. ಇಲ್ಲಿ ಎಲ್ಲಾ ಮರಾಠೀನ. ಮರತೇ ಹೋಗೇತಿ. ಏನ ಬರದಿ ನೀನ ಹೇಳ, ಬಾಯಿಲೆ."

ವೈನಿಯ ಎದುರಿನ ತೆರೆಯ ಮೇಲೆ ಬ್ಲಾಗ್ ತೆರೆದೇ ಇತ್ತು. ಅವರು ಓದಿದರು. "ಬೆಳಗಾವಿ, ಸೋಮವಾರ: ಬಾಲಕಿಯ ಹುಟ್ಟುಹಬ್ಬದ ಅಂಗವಾಗಿ ತಾಯಿಯ ನಿವಾಸದಲ್ಲಿ ಸಿಹಿ ವಿತರಿಸಲಾಯಿತು. ಬಾಲಕಿಯ ಅನುಪಸ್ಥಿತಿಯಲ್ಲಿ..."

ಹುಡುಗಿ ನಕ್ಕುಬಿಟ್ಟಳು. ಕುಹಕದ ನಗುವಲ್ಲ, ಮಕ್ಕಳ ನಗು. "ರೇಡಿಯೋದಾಗ ಬಾತ್ಮಿ ಓದಿದಂಗ ಯಾಕ ಓದಾಕತ್ತಿಯವ್ವ? ನಿವಾಸ ಅಂದ್ರ ಏನು?"

"ಮನಿ."

"ಮತ್ತ ಇನ್ನೇನೇನ ಬರದಿ?"

ವೈನಿ ತೆರೆಯ ಮೇಲಿನ ಸಾಲುಗಳನ್ನು ಮೇಲಿಂದ ಕೆಳಗೆ ನೋಡಿದರು. "ಏನಿಲ್ಲವ್ವ. ಮಳಿ ಬಂದದ್ದು, ಲೈಟ ಹೋದದ್ದು. ಸುಮ್ಕ ಬರದೇನಿ," ಎಂದರು. ಆಮೇಲೆ ಪರೀಕ್ಷೆ ಯಾವಾಗ, ತಲೆಗೆ ಎಣ್ಣೆ ಯಾರು ಹಚ್ಚುತ್ತಾರೆ ಎಂದು ಕೇಳಿ ಫೋನ್ ಇಟ್ಟರು.

ನಾನು ಸುಲಭದ ದಾರಿ ಸೂಚಿಸಿದೆ. ಮರಾಠಿ ಅವರ ತಾಯಿಭಾಷೆ. ಇನ್ನು ಮುಂದೆ ಅದರಲ್ಲಿ ಬರೆದರಾಯಿತು. ಬೇಕಾದರೆ ಹಳೆಯದನ್ನೂ ಮರಾಠಿ ಮಾಡಬಹುದು.

"ನೋಡೀನ್ರಿ ಸರ, ಮೊದಲ," ಎಂದರು. "ಮರಾಠಿ ನನ್ನ ತವರಮನಿ ಮಾತು. ಅದರಾಗ ಬರಿಯಾಕ ಕುಂತ್ರ 'ಬಾಳಾ' ಅಂತ ಒಂದ ಶಬ್ದ ಹೊಡದ್ರ ಸಾಕು, ಮುಂದ ಏನೂ ಕಾಣಂಗಿಲ್ಲ. ಕಣ್ಣ ತುಂಬತಾವ. ಕನ್ನಡದಾಗ ಬರದ್ರ ಯಾರದೋ ಮನಿ ಸುದ್ದಿ ಅನಸತೈತಿ. ಅದಕ್ಕ ಬರಿಯಾಕ ಆತು ಇಷ್ಟ ದಿನಾ."

ಬಾಳಾ ಎಂದರೆ ಮರಾಠಿಯಲ್ಲಿ ಕೂಸೇ ಎಂದು, ಮಗಳು ಸಣ್ಣವಳಿದ್ದಾಗ ಅವರು ಕರೆಯುತ್ತಿದ್ದ ಶಬ್ದ ಅದು. ಆ ಬ್ಲಾಗಿನಲ್ಲಿ ಅದು ಎಲ್ಲೂ ಇರಲಿಲ್ಲ.

ಮೂರನೆಯ ಬಿಡುವು ಅಲ್ಲಿಂದ ಶುರುವಾಯಿತು. ಅದು ಎಲ್ಲಕ್ಕಿಂತ ದೀರ್ಘವಾದದ್ದು. ಇನ್ನು ಬ್ಲಾಗ್ ಮುಗಿದಂತೆ ಎಂದು ನಾನು ತಿಳಿದಿದ್ದೆ. ಮಗಳು ಬೆಳೆದಳು. ಫೋನ್ ಕರೆಗಳು ಚಿಕ್ಕವಾದವು. ಶಾಲೆ ಬಿಡಿಸಿ ಮಗ್ಗದ ಕಾರ್ಖಾನೆಗೆ ಕಳಿಸುತ್ತಿದ್ದಾರೆಂದು ಬೂತಿನ ಹೆಂಗಸು ಹೇಳಿದಳು. ಮುಂದೆ ಮೊಬೈಲ್ ಬಂದು ಬೂತೂ ಮುಚ್ಚಿತು. ಬಲ್ಲ ಮೂಲಗಳು ಹಾಗೆ ನಿಂತುಹೋದವು.

ಆದರೂ ಅವರು ಮತ್ತೆ ಬರೆದರು. "ಬೆಳಗಾವಿ, ಶುಕ್ರವಾರ: ವಿಶೇಷ ವರದಿಯಾಗಿಲ್ಲ." ಇಷ್ಟೇ. ಒಂದೆರಡು ತಿಂಗಳ ಮೇಲೆ, "ಪರಿಸ್ಥಿತಿ ಶಾಂತವಾಗಿದೆ." ನಾನು ಒಮ್ಮೆ ತಡೆಯದೆ ಕೇಳಿದೆ. "ಓದೋರ ಇಲ್ಲಂತ ಗೊತ್ತಾದಮ್ಯಾಲೂ ಯಾಕ ಬರೀತೀರಿ ವೈನಿ?"

"ನಿಮ್ಮ ಪೇಪರ ಓದಿ ಯಾರ ಏನ ಮಾಡ್ಯಾರ್ರಿ? ಆದ್ರೂ ದಿನಾ ಅಚ್ಚಾಗಿ ಹೊಂಡತೈತಲ್ಲ," ಎಂದರು. ಆಮೇಲೆ, "ಬಂದ್ ಮಾಡಿದ್ರ ನಾನ ಬಿಟ್ಟಂಗ ಆಗತೈತ್ರಿ ಆಕೀನ. ಅದಕ್ಕ," ಎಂದರು.

ಕಾಯಿಲೆ ತಿಳಿದಾಗ ತಡವಾಗಿತ್ತು. ಗರ್ಭಕೋಶದ ಗಡ್ಡೆ. ಆಸ್ಪತ್ರೆಯವರು ಮನೆಗೆ ಕರೆದೊಯ್ಯಿರಿ ಎಂದ ಮೇಲೆ ಹಿರಿಯ ಅಣ್ಣ ಖಾನಾಪುರಕ್ಕೆ ಒಯ್ದ. ನಾನು ನೋಡಲು ಹೋದ ದಿನ ಅವರು ಮಗಳ ಮಾತನ್ನೇ ಎತ್ತಲಿಲ್ಲ. ಆಫೀಸಿನಲ್ಲಿ ಈಗ ಯಾರು ಟೈಪು ಮಾಡುತ್ತಾರೆ ಎಂದು ಕೇಳಿದರು. ಯಾರೂ ಮಾಡುವುದಿಲ್ಲ, ಎಲ್ಲವೂ ಟೈಪಾಗಿಯೇ ಬರುತ್ತದೆ ಎಂದೆ. "ತಪ್ಪ ಭಾಳ ಇರತಾವು," ಎಂದರು. ಇರುತ್ತಿದ್ದವು. ಕೆಲವು ದಿನಗಳಲ್ಲಿ ತೀರಿಕೊಂಡರು. ನಿಧನ ವಾರ್ತೆ ಬರೆದದ್ದು ನಾನೇ. ಅಲ್ಪಕಾಲದ ಅಸೌಖ್ಯ ಎಂಬುದನ್ನು ಮಾತ್ರ ಬಿಟ್ಟೆ.

ಹದಿಮೂರನೆಯ ದಿನದ ಕಾರ್ಯಕ್ಕೆ ನಾನು ಖಾನಾಪುರಕ್ಕೆ ಹೋದಾಗ ಇಚಲಕರಂಜಿಯಿಂದ ಅಜ್ಜಿಯ ಜೊತೆ ಮಗಳು ಬಂದಿದ್ದಳು. ಹದಿನೇಳರ ಹುಡುಗಿ, ತೆಳ್ಳಗೆ, ಕೂದಲ ತುದಿಯಲ್ಲಿ ಹತ್ತಿಯ ಎಳೆ. ಮರಳುವಾಗ ಬೆಳಗಾವಿಯಲ್ಲಿ ಅವರ ಬಸ್ಸಿಗೆ ಬಹಳ ಹೊತ್ತಿತ್ತು. ಚಹಾ ಕುಡಿದು ಹೋಗಿರೆಂದು ಹಿಂದವಾಡಿಯ ಮನೆಗೆ ಕರೆತಂದೆ. ಅಜ್ಜಿ ಒಳಗೆ ನನ್ನ ಹೆಂಡತಿಯ ಜೊತೆ ಮಾತಿಗೆ ಕುಳಿತಳು. ಹುಡುಗಿ ಕಂಪ್ಯೂಟರ್ ನೋಡಿ ತಾನೇ ಕೇಳಿದಳು.

"ಕಾಕಾ, ಅವ್ವ ಬರೀತಿದ್ಲಲ್ಲ, ಅದು ಇನ್ನೂ ಐತೇನ್ರಿ?"

'ಮನೆವಾರ್ತೆ' ತೆರೆದೆ. ಓದಿ ಹೇಳಲೇ ಎಂದೆ. ಹೂಂ ಎಂದಳು. ಹಾಲುಹಲ್ಲಿನ ಸುದ್ದಿ ಓದಿದೆ, ಹುಟ್ಟುಹಬ್ಬದ್ದು ಓದಿದೆ. ಅಲ್ಲಲ್ಲಿ ಆಡುಮಾತಿಗೆ ತಿರುಗಿಸಿ ಹೇಳಲು ನೋಡಿದೆ. ಆಕೆ ಕೇಳುತ್ತಿದ್ದಳು, ಆದರೆ ಯಾವುದೋ ಊರಿನ ಸುದ್ದಿಯನ್ನು ಕೇಳುವಂತೆ ಕೇಳುತ್ತಿದ್ದಳು.

"ಸಾಕ್ರಿ ಕಾಕಾ. ಇದು ಅವ್ವ ಮಾತಾಡಿದಂಗ ಇಲ್ಲ." ಆಮೇಲೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. "ಓದೂದ ಬ್ಯಾಡ. ಇದರಾಗ ನನ್ನ ಹೆಸರ ಎಲ್ಲೈತಿ, ಅಷ್ಟ ತೋರಸ್ರಿ. ನಾ ಅದರ ಫೋಟೋ ತಕ್ಕೊಂತೇನಿ."

ಹುಡುಕುವ ಜಾಗದಲ್ಲಿ ಅವಳ ಹೆಸರು ಟೈಪು ಮಾಡಿದೆ. ಇಲ್ಲ ಎಂದು ಬಂತು. ಬೇರೆ ರೀತಿ ಬರೆದಿರಬಹುದೆಂದು ಮತ್ತೆ ಮಾಡಿದೆ. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಕಣ್ಣಾಡಿಸಿದೆ. ಎಲ್ಲ ಕಡೆ ಬಾಲಕಿ, ಬಾಲಕಿಯೊಬ್ಬಳು, ಸದರಿ ಬಾಲಕಿ. ಪತ್ರಿಕೆಗಳಲ್ಲಿ ಅದು ನಿಯಮ. ತಂದೆತಾಯಿಯ ನಡುವಿನ ವ್ಯಾಜ್ಯದಲ್ಲಿ ಸಣ್ಣ ಮಕ್ಕಳ ಹೆಸರು ಹಾಕುವುದಿಲ್ಲ. ಅಂಥ ಎಷ್ಟೋ ವರದಿಗಳನ್ನು ವೈನಿ ಟೈಪು ಮಾಡಿದ್ದರು. ನಿಯಮವನ್ನು ಇಷ್ಟೂ ವರ್ಷ ಪಾಲಿಸಿದ್ದರು.

"ಇಲ್ಲೇನ್ರಿ?"

"ಸಣ್ಣ ಮಕ್ಕಳ ಹೆಸರ ಪೇಪರಿನ್ಯಾಗ ಹಾಕಂಗಿಲ್ಲವ್ವ. ನಿಮ್ಮವ್ವಗ ಅದೇ ರೂಢಿ ಆಗಿತ್ತು."

ಹುಡುಗಿ ಮೊಬೈಲನ್ನು ಮಡಿಲಲ್ಲಿಟ್ಟುಕೊಂಡು ತೆರೆಯನ್ನು ನೋಡುತ್ತ ಕುಳಿತಳು. ಒಳಗಿನಿಂದ ಅಜ್ಜಿ ಬಸ್ಸಿನ ಹೊತ್ತಾಯಿತೆಂದು ಕರೆಯುತ್ತಿದ್ದಳು.

"ಮತ್ತ ಇದು ನಂದ ಸುದ್ದಿ ಅಂತ ಹೆಂಗ ತಿಳೀತೈತ್ರಿ ಕಾಕಾ?"

ನಿಮ್ಮವ್ವ ನನಗೆ ಹೇಳಿದ್ದರು ಎಂದೆ. ಆಕೆ ತಲೆ ಅಲ್ಲಾಡಿಸಿ ಎದ್ದಳು. ಒಬ್ಬರು ಹೇಳಿದರು ಎಂಬುದಷ್ಟೇ ಸುದ್ದಿಗೆ ಸಾಲುವುದಿಲ್ಲ ಎಂಬುದನ್ನು ನಾನು ಜೀವನವಿಡೀ ವರದಿಗಾರರಿಗೆ ಕಲಿಸಿದವನು.